ಕೊನೆಯ ಸಂಧಿಯ ಓಲೆಗಳು

ನಡುರಾತ್ರಿ ಮಾಳಿಗೆಯಿಂದ ಕಿರ್, ಕಿರ್ ಎಂಬ ಸಣ್ಣ ಸದ್ದು ಕೇಳಿದಾಗ ಜಲಜಾಕ್ಷಿಗೆ ಮೊದಲು ನೆನಪಾದದ್ದು ತಾಳೆಯೋಲೆಗಳು. ಇಲಿ ಬಾಯಿ ಹಾಕಿದರೆ ಮುಗಿಯಿತು. ಅವಳು ಚಿಮಿಣಿ ದೀಪ ಹಿಡಿದು ಮೆಟ್ಟಿಲು ಹತ್ತಿದಳು.

ಆ ಓಲೆಗಳೆಂದರೆ ಅವಳ ಸೋದರಮಾವ ಚಿತ್ತರಂಜನ ಹೆಗ್ಡೆಯವರಿಗೆ ಪ್ರಾಣ. ನಾನೂರು ವರ್ಷಗಳ ಹಿಂದೆ ಒಬ್ಬ ಮಹಾಕವಿ ಒಂದು ಒಳ್ಳೆಯ ಕಾವ್ಯ ಬರೆದಿದ್ದ. ಆಮೇಲೆ ಊರೂರಿನಲ್ಲೂ ಅವನನ್ನು ಅನುಕರಿಸುವವರು ಹುಟ್ಟಿಕೊಂಡರು. ಜನ ಅವರನ್ನೆಲ್ಲ ಮರೆತು ಸುಖವಾಗಿದ್ದರು. ಆ ಸುಖ ಹೆಗ್ಡೆಯವರಿಗೆ ಸಹಿಸಲಾಗಲಿಲ್ಲ. ಅಂಥವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ತಂದು, ಪಾಠಾಂತರ, ಅಡಿಟಿಪ್ಪಣಿ, ಶಬ್ದಸೂಚಿ ಸಮೇತ ಅಚ್ಚು ಹಾಕಿಸುತ್ತಿದ್ದರು. ಪದ್ಯಕ್ಕಿಂತ ಟಿಪ್ಪಣಿ ಉದ್ದವಾದಷ್ಟೂ ಅವರ ಮುಖ ಅರಳುತ್ತಿತ್ತು.

ಈ ಸಲ ಸಿಕ್ಕಿದ್ದ ಅಂಥ ಒಬ್ಬ ಕವಿಯ ಪುಸ್ತಕಕ್ಕೆ ಸಂಪಾದಕಿ ಜಲಜಾಕ್ಷಿ, ಬಿ.ಎ. ಹೆಸರು ಆಗಲೇ ಅಚ್ಚಾಗಿತ್ತು, ಮನೆಯ ಹೆಣ್ಣುಮಕ್ಕಳ ಮದುವೆಯ ಕಾಗದದಲ್ಲೂ ಕಾಣದಷ್ಟು ದಪ್ಪಕ್ಷರದಲ್ಲಿ. ಕೊನೆಯ ಸಂಧಿಯನ್ನು ಪೂರಾ ಗೆದ್ದಲು ತಿಂದಿತ್ತು. ಅದರಲ್ಲಿ ಅರ್ಧ ಸುರತ್ಕಲ್ಲಿನ ನೆಂಟರಲ್ಲಿ ಸಿಕ್ಕಿತೆಂದು ಮಾವ ತಂದುಕೊಟ್ಟಿದ್ದರು. ಅದು ಅಪ್ಪಟ ಹಳೆಯದೆಂದು ಅವಳು ಪೀಠಿಕೆಯಲ್ಲಿ ಸಾಧಿಸಿ ತೋರಿಸಿದ್ದಳು.

ಮಾಳಿಗೆಯಲ್ಲಿ ಇಲಿ ಇರಲಿಲ್ಲ. ಮಾವ ಕುಳಿತು ಖಾಲಿ ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಪದ್ಯ ಕೊರೆಯುತ್ತಿದ್ದರು.

“ಮಾವ, ಇದೆಂತ?”

“ಉಳಿದರ್ಧ ಸಿಕ್ತಾ ಉಂಟು.”

“ಸುರತ್ಕಲ್ಲಿನ ಓಲೆಗಳೂ ಹೀಗೇ ಸಿಕ್ಕಿದ್ದಾ?”

“ಓಲೆ ಸುರತ್ಕಲ್ಲಿನದ್ದೇ. ತಾಳೆಮರ ಅಲ್ಲೇ ಉಂಟಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಹೊಗೆ ತಿಂದರೆ ಇನ್ನೂರು ವರ್ಷ ಪ್ರಾಯ ಆಗ್ತದೆ.”

“ಇದು ಮೋಸ ಅಲ್ಲವಾ?”

“ಎಂತ ಮೋಸ ಮಾರಾಯ್ತಿ? ಈ ಕವಿ ಮಹಾಕವಿಯನ್ನು ಅನುಕರಿಸಿದ, ನಾನು ಅವನನ್ನು. ಪರಂಪರೆ ನಿಲ್ಲಬಾರದು.”

ಜಲಜಾಕ್ಷಿ ದೀಪವನ್ನು ನೆಲಕ್ಕಿಟ್ಟು ಮಾವನ ಎದುರು ಕೂತಳು. ಹೊರಗೆ ಗೊತ್ತಾದರೆ ಮಾವನಿಗೆ ‘ಪಾಪ, ಪ್ರಾಯವಾಯಿತು’ ಎನ್ನುತ್ತಾರೆ. ಅವಳಿಗೆ ‘ಹೆಣ್ಣಿಗೆ ಬಿ.ಎ. ಓದಿಸಿದರೆ ಹೀಗೇ’ ಎನ್ನುತ್ತಾರೆ. ದಪ್ಪಕ್ಷರದ ಹಾಳೆ ಹರಿದು, ಬೇರೆ ಯಾವನದೋ ಹೆಸರಿನಲ್ಲಿ ಮತ್ತೆ ಅಚ್ಚಾಗುತ್ತದೆ.

ಅವಳು ಓಲೆಯನ್ನು ಬೆಳಕಿಗೆ ಹಿಡಿದು ಓದಿದಳು. ಒಂದು ಪ್ರಾಸವೂ ತಪ್ಪಿರಲಿಲ್ಲ.

“ಮಾವ, ಇದರಿಂದಲೇ ಸಿಕ್ಕಿಬೀಳ್ತೇವೆ. ಅವ ನೆಟ್ಟಗೆ ಒಂದು ಪದ್ಯ ಬರೆದವನಲ್ಲ. ಅಲ್ಲಲ್ಲಿ ಪ್ರಾಸ ಕೆಡಿಸಿ.”

“ನನ್ನ ಪದ್ಯವನ್ನಾ?” ಮಾವನ ಮುಖ ಕಪ್ಪಿಟ್ಟಿತು. “ಕಳ್ಳ ಅಂತ ಹೇಳು, ಪರವಾಗಿಲ್ಲ. ಪ್ರಾಸ ತಪ್ಪುವವ ಅಂತ ಹೇಳಿಸಿಕೊಳ್ಳಲಾರೆ.”

“ಹಾಗಾದರೆ ಕಂಟ ಇಲ್ಲಿ ಕೊಡಿ.”

ಅವಳು ಹೊಸ ಓಲೆಯೊಂದನ್ನು ಎಳೆದುಕೊಂಡಳು. ಅಮ್ಮನಿಗಾಗಲಿ, ಪ್ರೆಸ್ಸಿನ ಇಸಿದೋರನಿಗಾಗಲಿ, ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿಕೊಂಡೇ ಮೊದಲ ಸಾಲು ಕೆಡಿಸಲು ಕೂತಳು.