ರುದ್ರಮ್ಮನ ಸೇವಂತಿಗೆಗೆ ಕತ್ತಲು ಬೇಕಿತ್ತು

ಹುಲ್ಲಹಳ್ಳಿಯ ರುದ್ರಮ್ಮನ ಸೇವಂತಿಗೆ ಗಿಡಗಳು ಸೊಂಪಾಗಿ ಬೆಳೆದಿದ್ದವು. ಆದರೆ ಬರೀ ಎಲೆ! ಅಕ್ಕಪಕ್ಕದ ಹೊಲಗಳಲ್ಲೆಲ್ಲ ಮೊಗ್ಗು ಬಂದಾಗಿತ್ತು.

ಕಬ್ಬಿನ ಗದ್ದೆಯ ಮಗ್ಗುಲಿನ ಆ ತುಂಡು ನೆಲವನ್ನು ಗಂಡ ಬಸವಯ್ಯನವರಿಂದ ಅವಳು ಕಾಡಿ ಬೇಡಿ ಪಡೆದಿದ್ದಳು. ಮದುವೆಯಾಗಿ ಬಂದ ಮೇಲೆ ತನ್ನಿಷ್ಟದ ಬೆಳೆ ಇಟ್ಟದ್ದು ಇದೇ ಮೊದಲು. ನಾನು ಮಲ್ಲಾಜಮ್ಮ, ಅವಳ ಮಹಿಳಾ ಸಂಘದವಳು. ಹೂ ಕಟ್ಟಲು ನಾವೆಲ್ಲ ಬಾಳೆನಾರು ಹೊಂದಿಸಿಕೊಂಡು ಕಾದಿದ್ದೆವು.

“ನಾಳೆ ಟ್ರ್ಯಾಕ್ಟರ್ ಬತ್ತದೆ. ಎಲ್ಲ ಕಿತ್ತಾಕಿ ಕಬ್ಬು ಆಕ್ತೀನಿ. ಎಲೆ ಮುಡ್ಕೊಂಡು ಓಗೋಕಾಯ್ತದಾ?” ಎಂದುಬಿಟ್ಟರು ಬಸವಯ್ಯ.

ರುದ್ರಮ್ಮ ಅಳುತ್ತಲೇ ತಂಗಿಯ ಮಗಳು ನಯನಳಿಗೆ ಫೋನ್ ಮಾಡಿದಳು. ಗಿಡ ಯಾವಾಗ ಹೂ ಬಿಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಆ ಹುಡುಗಿಯ ಓದು. ಬೆಳಗಿನ ಮೊದಲ ಬಸ್ಸಿಗೇ ಬಂದಳು, ಪುಣ್ಯಾತ್ಗಿತ್ತಿ! ತಳಿ ಯಾವುದು, ನಾಟಿ ಯಾವಾಗ ಎಂದು ಕೇಳಿ, ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು.

“ಆ ಪೆಟ್ಟಿಗೆ ಯಾವತ್ತಾದ್ರೂ ಗದ್ದೆಗೆ ಇಳಿದದಾ?” ಬಸವಯ್ಯನವರು ಕೊಂಕು ತೆಗೆದರು.

“ಅದು ಇಳಿದಿಲ್ಲ ದೊಡ್ಡಪ್ಪ, ನಾವು ಇಳಿದಿದ್ದೀವಿ. ಎಷ್ಟೋ ಹೊಲದಲ್ಲಿ ಗಿಡ ನೋಡಿ, ಬಿಸಿಲು, ಚಳಿ, ಬೆಳಕು ಅಳೆದು ಅದಕ್ಕೆ ಕಲಿಸಿದ್ದೀವಿ. ಸೇವಂತಿಗೆ ಎಲೆಗೆ ರಾತ್ರಿ ಎಷ್ಟುದ್ದ ಅಂತ ಗೊತ್ತಾಗ್ತದೆ. ರಾತ್ರಿ ಉದ್ದ ಆದಾಗ, ಇನ್ನು ಹೂ ಬಿಡು ಅಂತ ಸುಳಿಗೆ ಹೇಳಿ ಕಳಿಸ್ತದೆ. ಲೆಕ್ಕದ ಪ್ರಕಾರ ಈಗಾಗ್ಲೇ ಮೊಗ್ಗು ಬರಬೇಕಿತ್ತು. ರಾತ್ರಿ ಬೆಳಕಿದ್ರೆ ಮಾತ್ರ ಬರಲ್ಲ ಅಂತ ತೋರಿಸ್ತಿದೆ. ಇಲ್ಲಿ ಲೈಟ್ ಉರೀತದಾ?”

ಬಸವಯ್ಯನವರು ಎದೆಯುಬ್ಬಿಸಿದರು. “ಉರೀದೆ ಏನವ್ವಾ! ಅಂದಿ ಕಾಟ ಅಂತ ಪಂಪ್‌ಹೌಸ್ ಮೇಲೆ ನಾನೇ ಕಟ್ಟಿವ್ನಿ. ಬೆಳಗಾಗಗಂಟ ಅಗಲಿದ್ದಂಗೆ ಇರ್ತದೆ!”

“ಗಿಡಾನೂ ಹಗಲು ಅಂದ್ಕೊಂಡಿದೆ ದೊಡ್ಡಪ್ಪ.”

ಅವರು ನಕ್ಕರು. ನಯನ ಅವರನ್ನು ಪಂಪ್‌ಹೌಸ್ ಹಿಂದಕ್ಕೆ ಕರೆದೊಯ್ದಳು. ಗೋಡೆ ಅಡ್ಡವಿದ್ದುದರಿಂದ ಅಲ್ಲಿಗೆ ಬೆಳಕು ಬೀಳುತ್ತಿರಲಿಲ್ಲ. ಅಲ್ಲಿನ ಗಿಡಗಳ ತುದಿಯಲ್ಲೆಲ್ಲ ಹಸಿರು ಮೊಗ್ಗು! ಬಸವಯ್ಯನವರು ಬಗ್ಗಿ ಒಂದನ್ನು ಮುಟ್ಟಿದರು.

“ಅಯ್ಯೋ ಸಿವನೇ, ಕಾಯೋಕೋಗಿ ನಾನೇ ಕೆಡಿಸಿದ್ನಲ್ಲಾ!”

ಟ್ರ್ಯಾಕ್ಟರನ್ನು ದಾರಿಯಿಂದಲೇ ಹಿಂದೆ ಕಳಿಸಿದರು. ಬಲ್ಬನ್ನು ಅವರೇ ಬಿಚ್ಚಿದರು. ಹಂದಿಗೇನು ಮಾಡುವುದು? ಸಂಘದ ನಾವೆಲ್ಲ ಮನೆಯಲ್ಲಿದ್ದ ಹಳೇ ಸೀರೆ ತಂದು ಹೊಲದ ಸುತ್ತ ಬೇಲಿ ಕಟ್ಟಿದೆವು. ನನ್ನ ಹಸಿರು ಸೀರೆ ಕಂಡ ಹಂದಿ ಮತ್ತೆ ಆ ಕಡೆ ಸುಳಿಯಲಿಲ್ಲ, ಬೇಕಾದರೆ ಬಸವಯ್ಯನವರನ್ನೇ ಕೇಳಿ.

“ಇನ್ನು ಯಾವಾಗ ಹೂ ಬರ್ತದೆ ಅಂತ ನಾನು ಹೇಳಿದ್ದು ಅಂದಾಜು ದೊಡ್ಡಮ್ಮ. ಚಳಿ ಏರುಪೇರಾದ್ರೆ ಸ್ವಲ್ಪ ಹಿಂದೆ ಮುಂದೆ ಆಗ್ತದೆ. ದಿನಾ ಗಿಡ ನೋಡೋದು ಬಿಡಬೇಡಿ,” ಎಂದು ಹೇಳಿ ಹೋಗಿದ್ದಳು ನಯನ. ತಡವಾಯಿತು, ನಿಜ. ಆದರೂ ಹೊಲವೆಲ್ಲ ಅರಳಿತು.

ಮೊದಲ ಕುಯ್ಲಿನ ಹೂವಲ್ಲಿ ನಯನಳಿಗೊಂದು ಮಾಲೆ, ಸೀರೆ ಕೊಟ್ಟವರಿಗೆಲ್ಲ ಒಂದೊಂದು ಮಾರು ಎತ್ತಿಟ್ಟಳು ರುದ್ರಮ್ಮ. “ನಿಮ್ಮ ಉಪಕಾರ ಮರೆಯಲ್ಲ ಕಣ್ರವ್ವಾ,” ಎಂದು ನಮ್ಮೆಲ್ಲರ ಕೈ ಹಿಡಿದಳು. ತನಗೆ ಮಾತ್ರ ಇಟ್ಟುಕೊಂಡಿರಲಿಲ್ಲ. ಬಸವಯ್ಯನವರು ಒಂದು ತುಂಡು ಹರಿದು ಅವಳ ಮುಂದೆ ಹಿಡಿದರು.

“ಮುಡ್ಕೊ ಅಮ್ಮಿ. ಮುಂದಿನ ವರ್ಸವೂ ಈ ನೆಲ ನಿಂದೇ.”

ಹೂ ಬೆಳೆಯುವ ಅಕ್ಕಂದಿರೇ, ಅಣ್ಣಂದಿರೇ, ಗಿಡ ಹೂ ಬಿಡಲಿಲ್ಲವೆಂದು ಸಿಟ್ಟಿನಲ್ಲಿ ಕೀಳಬೇಡಿ. ತಳಿ, ನಾಟಿಯ ದಿನ, ರಾತ್ರಿ ಬೀಳುವ ಬೆಳಕು ಇಷ್ಟನ್ನು ತೋಟಗಾರಿಕೆ ತಿಳಿದವರಿಗೆ ಹೇಳಿ, ಲೆಕ್ಕ ಹಾಕಿಸಿ. ಇವತ್ತು ಸಂಜೆ ನಿಮ್ಮ ಸೇವಂತಿಗೆ ಹೊಲದ ಕಡೆ ಒಮ್ಮೆ ಹೋಗಿ ಬನ್ನಿ. ಮೊಗ್ಗು ಬರುವ ಕಾಲವಾಗಿಯೂ ಅಲ್ಲಿ ದೀಪ ಉರಿಯುತ್ತಿದ್ದರೆ ಆರಿಸಿ.