ಎಕೋಗಾ ಬಾಯಿಬಿಡದ ಹೆಸರು

ಹದಿನೈದು ದಿನದಿಂದ ನನ್ನ ಗಂಡನಿಗೆ ಊಟ ಸೇರುತ್ತಿರಲಿಲ್ಲ. ಕಡಲೆಕಾಯಿ ಅರೆದು, ಹೊಗೆಯಲ್ಲಿ ಒಣಗಿಸಿದ ಮೀನು ಸೇರಿಸಿ, ಎಲೆಯಲ್ಲಿ ಕಟ್ಟಿ ಬೇಯಿಸಿ ಕೊಟ್ಟರೂ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದ. ಕಾಯಿಲೆ ಕಸಾಲೆ ಏನೂ ಇಲ್ಲ. ಪಕ್ಕದೂರಿನಲ್ಲಿ ಶೋಕ ಬಿಡುವ ಊಟವಿತ್ತು, ಅಲ್ಲಿಗೆ ಮ್ವೆಟ್ ತಂತಿ ಮೀಟಿ ಕಥೆ ಹಾಡಲು ಎಕೋಗಾ ಬರುತ್ತಾನೆ ಅಂತ ಸುದ್ದಿ ಬಂದಿತ್ತು. ಅಷ್ಟೇ!

ಎಕೋಗಾ ನಮ್ಮ ಮನೆಯಲ್ಲಿ ಏಳು ವರ್ಷ ಉಂಡವನು. ನನ್ನ ಗಂಡ ಮಿಂತ್ಸಾನಿಗೆ ಇದ್ದ ಒಬ್ಬನೇ ಶಿಷ್ಯ. ತಾಳೆ ದಿಂಡಿನ ಸಿಪ್ಪೆಯಿಂದಲೇ ತಂತಿ ಎಬ್ಬಿಸಿ ಸೋರೆಬುರುಡೆ ಕಟ್ಟುವುದರಿಂದ ಹಿಡಿದು ಸಾವಿಲ್ಲದ ವೀರರ ಯುದ್ಧದ ಕಥೆಗಳವರೆಗೆ ಎಲ್ಲವನ್ನೂ ಕಲಿಸಿದ್ದು ಇವನೇ. ಎಂಟನೇ ವರ್ಷ ಆ ಪುಣ್ಯಾತ್ಮ ಬುರುಡೆಯೊಳಗೆ ಮೈಕು ಸಿಕ್ಕಿಸಿಕೊಂಡು ಬಂದ. ಅಂಗಳದಲ್ಲೇ ರಂಪವಾಯಿತು. "ಈ ಅಂಗಳಕ್ಕೆ ಕಾಲಿಡಬೇಡ. ಇನ್ಮೇಲೆ ನನ್ನ ಹೆಸರು ನಿನ್ನ ಬಾಯಲ್ಲಿ ಬರಕೂಡದು" ಎಂದು ಮಿಂತ್ಸಾ ಕೂಗಾಡಿದ. ಹುಡುಗ ಹೊರಟುಹೋದ. ಅದಾಗಿ ಒಂಬತ್ತು ವರ್ಷ.

ಮ್ವೆಟ್ ಹಿಡಿದವನು ಕಥೆ ಶುರುಮಾಡುವ ಮೊದಲು ಗುರುಗಳ ಸಾಲು ಹೇಳಲೇಬೇಕು: ನನಗೆ ಇವರು ಕೊಟ್ಟರು, ಇವರಿಗೆ ಅವರು ಕೊಟ್ಟರು ಎಂದು. ನಮಗೆ ಮಕ್ಕಳಿಲ್ಲ. ಮಿಂತ್ಸಾನ ಬೆರಳು ಸೆಟೆದುಕೊಂಡು ನಾಲ್ಕು ವರ್ಷವಾಗಿತ್ತು. ಎಕೋಗಾನ ಸಾಲಿನಲ್ಲಿ ಹೆಸರು ಇಲ್ಲದಿದ್ದರೆ ಇವನು ನುಡಿಸಿದ್ದೆಲ್ಲ ಮಣ್ಣುಪಾಲು. ಅದೇ ಅವನ ಹೊಟ್ಟೆಯೊಳಗಿನ ಸಂಕಟ. ನನ್ನದೂ ಅದೇ, ಸುಳ್ಳು ಯಾಕೆ ಹೇಳಲಿ.

"ಹೋಗೋಣ ನಡಿ, ಕಿವಿಯಾರೆ ಕೇಳ್ಕೊಂಡು ಬರೋಣ" ಅಂದೆ.

"ಆ ಕಳ್ಳನ ಬಾಯಿಂದ ಕೇಳೋದೇನು? ನನ್ನ ಹೆಸರನ್ನ ನುಂಗಿ ನೀರು ಕುಡಿದಿರ್ತಾನೆ."

"ಹೇಳಬೇಡ ಅಂದಿದ್ದು ನೀನೇ ತಾನೇ?"

"ಕೋಪದಲ್ಲಿ ಒಂದು ಮಾತು ಅಂದ್ರೆ ಅದನ್ನೇ ಹಿಡ್ಕೊಂಡು ಕೂರೋದಾ?"

"ಉಗುಳು ನುಂಗೋಕೂ ನಿನ್ನ ಅಪ್ಪಣೆ ಕೇಳ್ತಿದ್ದ ಹುಡುಗ ಅದು. ಇನ್ನೇನು ಮಾಡ್ತಾನೆ?"

ಆದರೆ ಶನಿವಾರ ನಾನು ತಲೆವಸ್ತ್ರ ಕಟ್ಟಿಕೊಳ್ಳುವ ಮೊದಲೇ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಸತ್ತವನಿಗೆ ಮರ್ಯಾದೆ ಕೊಡೋಕೆ ಹೊರಟಿದೀನಿ. ಬೇರೆ ಏನೂ ಅಲ್ಲ."

"ಹೌದಪ್ಪ, ಹೌದು" ಎಂದೆ.

ಮಧ್ಯಾಹ್ನದ ಹೊತ್ತಿಗೇ ಆ ಊರಿನ ಚಾವಡಿ ತುಂಬಿಹೋಗಿತ್ತು. ಮಿಂತ್ಸಾ ಎಲ್ಲರ ಹಿಂದೆ, ಕಂಬದ ಮರೆಗೆ ಕುಳಿತ. ತಾಳೆ ಹೆಂಡ ಬಂದರೂ ಮುಟ್ಟಲಿಲ್ಲ. ತಲೆಗೆ ಗರಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಎಕೋಗಾ ಬಂದ. ಹೊಟ್ಟೆ ಬಂದಿದೆ, ಗಡ್ಡದಲ್ಲಿ ಬಿಳಿಕೂದಲೂ ಇಣುಕಿದೆ. ಜ್ವರದಲ್ಲಿ ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗುತ್ತಿದ್ದವನು.

ಅವನು ತಂತಿ ಮೀಟಿದ. ಜನ ಸುಮ್ಮನಾದರು.

"ನಾನು ಎಕೋಗಾ. ನನಗೆ ಮ್ವೆಟ್ ಕೊಟ್ಟವರು..."

ಬಾಯಿ ನಿಂತಿತು, ಬೆರಳು ನಿಲ್ಲಲಿಲ್ಲ. ಮೂರು ಸುತ್ತು ಬರೀ ತಂತಿ ನುಡಿಯಿತು. ಆಮೇಲೆ, "ಅವರಿಗೆ ಕೊಟ್ಟವರು ಎಡ್ಜಾಂಗ್ ಒವೊನೊ" ಎಂದ. ಅದು ಮಿಂತ್ಸಾನ ಗುರುವಿನ ಹೆಸರು.

"ನೋಡಿದ್ಯಾ? ಹಾರಿಸಿಬಿಟ್ಟ" ಎಂದು ಮಿಂತ್ಸಾ ಪಿಸುಗುಟ್ಟಿದ. ಮುಖ ಬೂದಿಯಾಗಿತ್ತು. ಮೊಣಕಾಲ ಮೇಲೆ ಕೈಯೂರಿ ಎದ್ದೇಬಿಟ್ಟ.

ಪಕ್ಕದಲ್ಲಿದ್ದ ಹೆಂಗಸು ನನ್ನ ಮೊಣಕೈ ತಿವಿದಳು. "ಏನಕ್ಕ, ನಿಮ್ಮ ಯಜಮಾನರು ಈಗಲೇ ಎದ್ರಲ್ಲ? ಅವನು ಯಾವತ್ತೂ ಹೀಗೇನೇ, ಅಲ್ಲಿ ಜಾಗ ಬಿಡ್ತಾನೆ. ನಾನು ಎಷ್ಟು ಊರಲ್ಲಿ ಕೇಳಿದೀನಿ! ಯಾಕಪ್ಪ ಅಂದ್ರೆ, ಅಲ್ಲಿ ನಮ್ಮ ಗುರುಗಳು ಕೂತಿದ್ದಾರೆ, ಹೆಸರು ಹೇಳೋಕೆ ಅಪ್ಪಣೆ ಇಲ್ಲ ಅಂತಾನೆ. ಆ ಜಾಗದಲ್ಲಿ ಬೇರೆಯವರ ಹೆಸರು ಹಾಕು ಅಂತ ಎಷ್ಟೋ ಜನ ಹೇಳಿದ್ರು, ಒಪ್ಪಲಿಲ್ಲ."

ನಾನು ಗಂಡನ ಅಂಗಿ ಹಿಡಿದು ಜಗ್ಗಿದೆ. "ಕೇಳಿಸ್ತಾ ಮುದುಕಾ?"

ಕೇಳಿಸಿತ್ತು. ಕಂಬ ಬಿಟ್ಟು ಈಚೆ ಬಂದವನೇ, ಚಾವಡಿ ಅದುರುವ ಹಾಗೆ ಕೂಗಿದ: "ಲೇ ಎಕೋಗಾ! ನಿಲ್ಸು! ಸಾಲು ತಪ್ಪಿದೆ. ಮೊದಲಿಂದ ಹೇಳು!"

ಇಡೀ ಊರು ಹಿಂತಿರುಗಿ ನೋಡಿತು. ಎಕೋಗಾನ ಬೆರಳು ತಂತಿಯ ಮೇಲೇ ನಿಂತವು.

"ಅಪ್ಪಾ... ಹೇಳಬಹುದಾ?"

"ಹೇಳೋ ಕತ್ತೆ! ಒಂದ್ಸಲ ಬಂದು ಕೇಳೋಕೆ ನಿನಗೇನು ದಾಡಿ?"

"ಅಂಗಳಕ್ಕೆ ಕಾಲಿಡಬೇಡ ಅಂದಿದ್ರಲ್ಲ ಅಪ್ಪಾ."

ಜನ ಹೋ ಎಂದು ನಕ್ಕರು. ನನ್ನ ಗಂಡ ವಾಪಸು ನನ್ನ ಪಕ್ಕಕ್ಕೆ ಬಂದು ಧೊಪ್ಪೆಂದು ಕುಳಿತ.

ಎಕೋಗಾ ಮತ್ತೆ ಮೊದಲಿನಿಂದ ಎತ್ತಿಕೊಂಡ. "ನಾನು ಎಕೋಗಾ. ನನಗೆ ಮ್ವೆಟ್ ಕೊಟ್ಟವರು ಮಿಂತ್ಸಾ ಅಲೊಗೊ!" ಹೇಳಿ ತೃಪ್ತಿಯಾಗದೆ ಇನ್ನೊಮ್ಮೆ ಹೇಳಿದ, ಮತ್ತೂ ಒಮ್ಮೆ ಹೇಳಿದ. ಪ್ರತಿ ಸಲವೂ ಚಾವಡಿಯೆಲ್ಲ "ಹೂಂ" ಎಂದಿತು. ನಾನು ಅತ್ತುಬಿಟ್ಟೆ, ನಾಚಿಕೆ ಬಿಟ್ಟು ಅತ್ತೆ. ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಾಯಿತು.

ಅಲ್ಲಿಂದ ಸಾಲು ಹಿಂದಕ್ಕೆ ಹೋಯಿತು, ಗುರುವಿಗೆ ಗುರು, ಅವನಿಗೂ ಗುರು, ಒಟ್ಟು ಹದಿಮೂರು ಹೆಸರು. ಹನ್ನೆರಡು ಜನ ಯಾವತ್ತೋ ಮಣ್ಣು ಸೇರಿದವರು. ಹದಿಮೂರನೆಯವನು ನನ್ನ ಪಕ್ಕದಲ್ಲಿ ಕುಳಿತು, ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು, "ಆ ಹೆಂಡ ಇತ್ತ ಕೊಡ್ರೋ, ತಿನ್ನೋಕೇನಿದೆ?" ಎಂದು ಕೈಚಾಚಿದ.