ಒಪ್ಪಿಕೊಳ್ಳದ ಡ್ರೈವರಮ್ಮ

ಹೊಟ್ಟೆ ಊದಿ ಕಣ್ಣು ಹಳದಿಯಾದಾಗಿನಿಂದ ಡ್ರೈವರಮ್ಮ ಡಿಪೋದವರ ಬಾಯಿಗೆ ಆಹಾರವಾಗಿದ್ದಳು. ಲಿವರ್ ಕೆಟ್ಟಿದೆ ಎಂದ ಮೇಲೆ ಕುಡಿತವಲ್ಲದೆ ಇನ್ನೇನು ಎಂದು ಮ್ಯಾನೇಜರ್ ತಾನೇ ತೀರ್ಪು ಕೊಟ್ಟು, ಶಾಲೆಯ ಬಸ್ಸಿನ ಕೀಲಿ ಕಿತ್ತುಕೊಂಡ. ಹುಟ್ಟಿದಂದಿನಿಂದ ಒಂದು ಹನಿ ಮುಟ್ಟದವಳಿಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಹೆಚ್ಚು ಉರಿಸಿದವನು ಒಡಹುಟ್ಟಿದ ಅಣ್ಣ.

“ಒಪ್ಕೊಂಡ್ಬಿಡಮ್ಮಾ. ನಿಜ ಹೇಳಿದ್ರೆ ತಾನೇ ಸರಿಯಾದ ಔಷಧಿ ಕೊಡೋದು?” ಎಂದು ಆಸ್ಪತ್ರೆಯ ಮೆಟ್ಟಿಲುದ್ದಕ್ಕೂ ಅವಳ ತಲೆ ತಿಂದಿದ್ದ. ತಂಗಿಯ ಮೇಲೆ ಪ್ರೀತಿ ಬೆಟ್ಟದಷ್ಟಿತ್ತು, ನಂಬಿಕೆ ಮಾತ್ರ ಚಿಟಿಕೆಯಷ್ಟೂ ಇರಲಿಲ್ಲ.

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಅವಳ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತಿದ್ದಾಗ ಅಣ್ಣ ಮೆಲ್ಲಗೆ ಬಾಗಿದ. “ಮೇಡಂ, ಇವಳಿಗೆ ಸ್ವಲ್ಪ ಅಭ್ಯಾಸ ಇದೆ.”

“ಅಭ್ಯಾಸ ಇರೋದು ಅವನಿಗೆ, ಡಾಕ್ಟ್ರೇ!” ಮಲಗಿದಲ್ಲಿಂದಲೇ ಗುಡುಗಿದಳು. “ಕಂಡೋರು ಹೇಳಿದ್ದನ್ನೆಲ್ಲ ನಂಬೋ ಅಭ್ಯಾಸ. ನೀವು ಅವನ ಮಾತೂ ಕೇಳ್ಬೇಡಿ, ನನ್ನ ಮಾತೂ ಕೇಳ್ಬೇಡಿ. ಒಳಗೆ ನೋಡಿ ಹೇಳಿ.”

ಡಾಕ್ಟರಮ್ಮನಿಗೆ ನಗು ಬಂತು. “ಹಾಗೇ ಮಾಡೋಣ. ಇದು ಡಾಪ್ಲರ್. ರಕ್ತ ಹೇಗೆ ಹರೀತಿದೆ ಅಂತ ತೋರಿಸುತ್ತೆ, ಕೇಳಿಸುತ್ತೆ ಕೂಡ. ಉಸಿರು ಬಿಗಿಹಿಡೀರಿ.”

ಲಿವರಿಗೆ ರಕ್ತ ತರುವ ನಾಳದಿಂದ ಗಾಳಿ ಬೀಸಿದಂಥ ಸದ್ದು ಬಂತು. ಡಾಕ್ಟರಮ್ಮ ಕೈಯಲ್ಲಿದ್ದ ಸ್ಕ್ಯಾನಿಂಗ್ ಹಿಡಿಯನ್ನು ಪಕ್ಕೆಲುಬಿನ ಕೆಳಗೆ ಬೇರೆ ಕಡೆ ಒತ್ತಿದರು, ಓರೆಮಾಡಿ ಮತ್ತೆ ಒತ್ತಿದರು. ಸದ್ದಿಲ್ಲ. ಪರದೆಯ ಮೇಲೆ ಬಣ್ಣವೂ ಇಲ್ಲ. ಡ್ರೈವರಮ್ಮ ಹೆದರಿದಳು, ಸುಳ್ಳೇಕೆ? ಆದರೂ ಅಣ್ಣನ ಮೇಲೆ ನೆಟ್ಟ ಕಣ್ಣನ್ನು ಕೀಳಲಿಲ್ಲ.

“ರಕ್ತ ಒಳಗೆ ಬರ್ತಿದೆ,” ಎಂದರು ಡಾಕ್ಟರಮ್ಮ. “ಲಿವರಿಂದ ಹೊರಗೆ ಹೋಗೋ ನಾಳಗಳು ಮುಚ್ಚಿಹೋಗಿವೆ. ಹೊಟ್ಟೆ ಊದಿರೋದು ಅದಕ್ಕೇ. ಇದಕ್ಕೂ ಕುಡಿತಕ್ಕೂ ಸಂಬಂಧ ಇಲ್ಲ.”

“ಡಿಪೋಲಿ ಹೊರಗೆ ಹೋಗೋ ಗೇಟು ಹಾಕ್ಬಿಟ್ರೆ ಬಸ್ಸೆಲ್ಲ ಒಳಗೇ ತುಂಬ್ಕೊಳ್ಳೋ ಹಾಗಾ?”

“ಹಾಗೇ. ದಾರಿ ಬಿಡಿಸೋಕೆ ನೋಡ್ತೀವಿ. ಸುಲಭ ಅಂತ ಹೇಳಲ್ಲ. ಇವತ್ತೇ ಅಡ್ಮಿಟ್ ಆಗ್ಬೇಕು.”

ಅಣ್ಣನ ಕಣ್ಣಲ್ಲಿ ನೀರು ತುಂಬಿತು. “ತಪ್ಪಾಯ್ತಮ್ಮಾ...”

“ಇಲ್ಲಿ ಬೇಡ.” ಜೆಲ್ ಒರೆಸಿಕೊಳ್ಳುತ್ತ ಅವಳು ಎದ್ದು ಕೂತಳು. “ನನ್ನ ಸೇರಿಸಿ ನೆಟ್ಟಗೆ ಡಿಪೋಗೆ ಹೋಗು. ಎಲ್ಲರ ಎದುರಿಗೆ ಒಪ್ಕೋ. ಬರ್ತಾ ನನ್ನ ಕೀಲಿ ತಗೊಂಡ್ ಬಾ.”

“ಮ್ಯಾನೇಜರ್ ಕೊಡಲ್ಲ ಅಂದ್ರೆ?”

“ಕೊಡೋವರೆಗೂ ಅಲ್ಲೇ ಕೂತ್ಕೋ. ನನ್ನ ತಲೆ ತಿಂದ್ಯಲ್ಲ, ಅವನದೂ ತಿನ್ನು.”